ಎರಡೂ ಭಾಷೆ ಬೇಕೆಂದ ಸೋಲ್ ಪ್ಲಾಟ್ಜೆ

ಇಂಗ್ಲಿಷ್ ಬೇಕಾ, ತಾಯ್ನುಡಿ ಬೇಕಾ ಅಂತ ಜಗಳ ಶುರುವಾದಾಗಲೆಲ್ಲ ನನಗೆ ದಕ್ಷಿಣ ಆಫ್ರಿಕಾದ ಸೋಲ್ ಪ್ಲಾಟ್ಜೆ ನೆನಪಾಗ್ತಾರೆ. ಅವರಿಗೆ ಎರಡೂ ಬೇಕಿತ್ತು, ಎರಡಕ್ಕೂ ಬೇರೆ ಬೇರೆ ಕೆಲಸವಿತ್ತು.

1876ರಲ್ಲಿ ಸೆಟ್ಸ್ವಾನಾ ಆಡುವ ಕುಟುಂಬದಲ್ಲಿ ಹುಟ್ಟಿದವರು. ಮಿಷನ್ ಶಾಲೆಯಲ್ಲಿ ಸ್ವಲ್ಪ ಓದು, ಆಮೇಲೆ ಕಿಂಬರ್ಲಿಯ ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಹಂಚುವ ಕೆಲಸ. ಇಂಗ್ಲಿಷ್, ಡಚ್, ಜರ್ಮನ್ ಜೊತೆಗೆ ಹಲವು ಆಫ್ರಿಕನ್ ಭಾಷೆಗಳನ್ನು ಕಲಿತು ಮಾಫೆಕಿಂಗ್ ಕೋರ್ಟಿನಲ್ಲಿ ದುಭಾಷಿಯಾದರು. ದುಭಾಷಿ ಒಂದು ಮಾತು ತಪ್ಪಿದರೆ ಕಟಕಟೆಯಲ್ಲಿ ನಿಂತವನು ಜೈಲು ಸೇರಬಹುದು ಅನ್ನೋದು ಅವರಿಗೆ ಅಲ್ಲೇ ಗೊತ್ತಾಗಿರಬೇಕು.

ಮುಂದೆ ಇಂಗ್ಲಿಷ್ ಮತ್ತು ಸೆಟ್ಸ್ವಾನಾ ಎರಡರಲ್ಲೂ ಪತ್ರಿಕೆ ನಡೆಸಿದರು. 1912ರಲ್ಲಿ, ಇವತ್ತಿನ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದಾಗ, ಅದರ ಮೊದಲ ಪ್ರಧಾನ ಕಾರ್ಯದರ್ಶಿಯಾದರು. ಮರುವರ್ಷವೇ ಬಂದ ಭೂಕಾಯ್ದೆ ಕರಿಯರಿಗೆ ದೇಶದ ಸುಮಾರು ಶೇ. 7ರಷ್ಟು ನೆಲವನ್ನಷ್ಟೇ ಬಿಟ್ಟಿತು. ನ್ಯಾಯ ಕೇಳಲು 1914ರಲ್ಲಿ ನಿಯೋಗದ ಜೊತೆ ಲಂಡನ್ನಿಗೆ ಹೋದರು. ಬ್ರಿಟಿಷ್ ಸರ್ಕಾರ ಕೈಚೆಲ್ಲಿತು. ಪ್ಲಾಟ್ಜೆ ಅಲ್ಲೇ ಉಳಿದರು.

1916ರಲ್ಲಿ ಅವರ ಮೂರು ಪುಸ್ತಕ ಬಂದವು. ಒಂದು, ಭೂಕಾಯ್ದೆ ಮನೆಮಾರು ಕಳೆದವರ ಪಾಡನ್ನು ಆಳುವವರಿಗೆ ಅವರದ್ದೇ ಇಂಗ್ಲಿಷಿನಲ್ಲಿ ಹೇಳುವ ಪುಸ್ತಕ. ಇನ್ನೊಂದು, 732 ಸೆಟ್ಸ್ವಾನಾ ಗಾದೆಗಳ ಸಂಗ್ರಹ. ಮೂರನೆಯದು ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಜೊತೆ ಮಾಡಿದ ಪಠ್ಯ. ಸ್ವರದ ಏರಿಳಿತಕ್ಕೆ ಅರ್ಥವೇ ಬದಲಾಗುವ ಭಾಷೆ ಸೆಟ್ಸ್ವಾನಾ. ಆ ಏರಿಳಿತವನ್ನೂ ಕಾಗದದ ಮೇಲೆ ಹಿಡಿದಿಟ್ಟರು. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಕೈಯಲ್ಲಿ ಕಾಸಿಲ್ಲದೆ ಮಾಡಿದ ಕೆಲಸ ಇದು!

ಆಮೇಲೆ ಇಂಗ್ಲಿಷಿನಲ್ಲಿ 'ಮ್ಹೂಡಿ' ಕಾದಂಬರಿ ಬರೆದರು, ಷೇಕ್ಸ್‌ಪಿಯರನನ್ನು ಸೆಟ್ಸ್ವಾನಾಕ್ಕೆ ತಂದರು. ಎರಡೂ 1930ರಲ್ಲಿ ಅಚ್ಚಾದವು. ಅದೇ ಹೊತ್ತಿಗೆ ಸೆಟ್ಸ್ವಾನಾದ ಕಾಗುಣಿತವನ್ನು ಏಕರೂಪ ಮಾಡಲು ಸರ್ಕಾರ ಹೊರಟಿತ್ತು. ಪ್ಲಾಟ್ಜೆ ಗಟ್ಟಿಯಾಗಿ ವಿರೋಧಿಸಿದರು. ಆಡುವ ಜನರನ್ನು ಬಿಟ್ಟು ಬಿಳಿಯ ಪಂಡಿತರು, ಅಧಿಕಾರಿಗಳು ಭಾಷೆಯ ಬಗ್ಗೆ ತೀರ್ಮಾನ ಮಾಡೋದು ಅವರಿಗೆ ಒಪ್ಪಿಗೆಯಿರಲಿಲ್ಲ.

1932ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರ 'ಜೂಲಿಯಸ್ ಸೀಸರ್' ಅನುವಾದ ಹೊರಬಂದದ್ದು 1937ರಲ್ಲಿ.

ಇವತ್ತು ಅಲ್ಲಿ ಸಂಜ್ಞಾ ಭಾಷೆಯೂ ಸೇರಿ 12 ಅಧಿಕೃತ ಭಾಷೆಗಳಿವೆ, ಸೆಟ್ಸ್ವಾನಾ ಅದರಲ್ಲೊಂದು. ಆದರೂ ವಿಶ್ವವಿದ್ಯಾಲಯ, ಕಚೇರಿಗಳಲ್ಲಿ ಇಂಗ್ಲಿಷಿನದ್ದೇ ಮೇಲುಗೈ. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಭಾಷೆ ಬದುಕೋದಿಲ್ಲ. ಇಂಗ್ಲಿಷಿನಲ್ಲೇ ಇಂಜಿನಿಯರಿಂಗ್ ಮುಗಿಸಿ ಕನ್ನಡದಲ್ಲಿ ಬರೆಯುವ ನಾನು ಪ್ಲಾಟ್ಜೆಯಿಂದ ಕಲಿತದ್ದು ಇಷ್ಟು: ಇಂಗ್ಲಿಷ್ ಬಲ್ಲವರು ತಾಯ್ನುಡಿಗೆ ಮಾಡಬೇಕಾದ ಕೆಲಸ ಕಡಿಮೆಯಾಗೋದಿಲ್ಲ, ಇನ್ನೂ ಹೆಚ್ಚಾಗುತ್ತೆ.