ಲಕ್ಕಣ್ಣ ದಂಡೇಶನೂ ಪ್ರತಿನಿಧಿಧರ್ಮವೂ

ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯು (1424–1446) ವೀರಶೈವ ಸಾಹಿತ್ಯಕ್ಕೆ ಸುಗ್ಗಿಯ ಕಾಲವಾಗಿದ್ದಿತು. ಪ್ರೌಢದೇವರಾಯನೆಂದು ಖ್ಯಾತನಾದ ಆ ಅರಸನ ಆಶ್ರಯದಲ್ಲಿ ಬೆಳಗಿದ ಶಿವಭಕ್ತರಲ್ಲಿ ಚಾಮರಸ, ಜಕ್ಕಣಾರ್ಯರೊಡನೆ ಲಕ್ಕಣ್ಣ ದಂಡೇಶನ ಹೆಸರೂ ಪ್ರಾತಃಸ್ಮರಣೀಯವಾದುದು. ವಾರ್ಧಕ ಷಟ್ಪದಿಯಲ್ಲಿ ರಚಿತವಾದ ಆತನ 'ಶಿವತತ್ತ್ವ ಚಿಂತಾಮಣಿ'ಯು ವೀರಶೈವರ ತತ್ತ್ವ, ಆಚಾರ ಹಾಗೂ ಶರಣರ ಚರಿತೆಗಳ ಭಂಡಾರವೆನಿಸಿದೆ. ಆದರೆ ಆತನು ಕವಿ ಮಾತ್ರನಲ್ಲ. ಅರಸನ ಪರವಾಗಿ ನಾಡನ್ನಾಳಿದ ದಂಡನಾಯಕನೂ ಹೌದು.

ಲಕ್ಕಣ್ಣನೂ ಅವನ ಸೋದರನಾದ ಮಾದಣ್ಣನೂ ಮುಳುಬಾಗಿಲ ಸೀಮೆಯ ಅಧಿಕಾರವನ್ನು ವಹಿಸಿದ್ದರು. ಮುಂದೆ ಮಧುರೆಯ ಕಡೆಯ ಆಡಳಿತವೂ ಲಕ್ಕಣ್ಣನ ಕೈಸೇರಿ, ದಕ್ಷಿಣ ಸಮುದ್ರಾಧೀಶ್ವರನೆಂಬ ಬಿರುದು ಅವನಿಗೆ ಸಂದಿತು. ಆನೆಯ ಚಿತ್ರವೂ 'ಲ' ಎಂಬ ಅಕ್ಷರವೂ ಉಳ್ಳ ಕೆಲವು ತಾಮ್ರದ ನಾಣ್ಯಗಳನ್ನು ಅವನವೆಂದೇ ವಿದ್ವಾಂಸರು ಗುರುತಿಸಿದ್ದಾರೆ. ಅರಸನು ತನ್ನ ಪ್ರತಿನಿಧಿಯಲ್ಲಿ ಎಷ್ಟು ವಿಶ್ವಾಸವನ್ನಿರಿಸಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1443ರಲ್ಲಿ ಹಿರಾತಿನ ಷಾರುಖ್ ದೊರೆಯ ರಾಯಭಾರಿಯಾಗಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದನು. ಅಲ್ಲಿಯ ಮಹಾಮಂತ್ರಿಯಾದ ದಂಡನಾಯಕನನ್ನು ಕುರಿತು ಅವನು ವಿವರವಾಗಿ ಬರೆದಿರುವನು. ಆ ದಂಡನಾಯಕನು ಲಕ್ಕಣ್ಣನೇ ಎಂಬುದು ಅನೇಕ ಇತಿಹಾಸಜ್ಞರ ಮತ. ನಲವತ್ತು ಕಂಬಗಳ ಚಾವಡಿಯಲ್ಲಿ ಕುಳಿತು ಅವನು ಪ್ರಜೆಗಳ ಅಹವಾಲನ್ನು ಕೇಳುತ್ತಿದ್ದನು. ಬಳಿಕ ಬಣ್ಣಬಣ್ಣದ ಛತ್ರಗಳೊಡನೆ, ಕಹಳೆಗಳ ಧ್ವನಿಯೊಡನೆ ಅರಮನೆಗೆ ತೆರಳುವನು. ದಾರಿಯಲ್ಲಿ ಏಳು ಬಾಗಿಲುಗಳು. ಒಂದೊಂದು ಬಾಗಿಲಲ್ಲಿಯೂ ಒಂದೊಂದು ಛತ್ರವು ಹಿಂದುಳಿಯುವುದು. ಏಳನೆಯ ಬಾಗಿಲನ್ನು ಅವನೊಬ್ಬನೇ ದಾಟಿ, ರಾಜ್ಯದ ಸಮಾಚಾರವನ್ನು ಅರಸನಿಗೆ ಬಿನ್ನವಿಸಿ ಹಿಂದಿರುಗುವನು. ಜನರ ಮುಂದೆ ಮೆರೆದ ಛತ್ರವು ಒಡೆಯನ ಮುಂದೆ ತನ್ನದಲ್ಲವೆಂಬ ಅರಿವೇ ಪ್ರತಿನಿಧಿಯ ಮೊದಲ ಧರ್ಮ.

ಎರಡನೆಯ ಧರ್ಮವು ಅದೇ ವರ್ಷ ಒರೆಗೆ ಬಂದಿತು. ದಂಡನಾಯಕನು ಕಲಬುರ್ಗಿಯ ಗಡಿಗೆ ದಂಡೆತ್ತಿ ಹೋದಾಗ, ಅವನ ಸ್ಥಾನದಲ್ಲಿ ಅರಸನು ಮತ್ತೊಬ್ಬನನ್ನು ನಿಯಮಿಸಿದನು. ಆ ಬದಲಿ ಅಧಿಕಾರಿಯು ತನ್ನನ್ನು ಮಹಾಮಂತ್ರಿಗೆ ಸಮಾನನೆಂದೇ ಬಗೆದನು. ರಾಯಭಾರಿಗೆ ಗೊತ್ತುಪಡಿಸಿದ್ದ ದಿನದ ಪಡಿಯನ್ನು ನಿಲ್ಲಿಸಿಬಿಟ್ಟನು. ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಹುರ್ಮುಜಿನ ವರ್ತಕರು ಎಬ್ಬಿಸಿದ ಸುದ್ದಿಯೂ ಆಗ ಹಬ್ಬಿತು. ಅನ್ಯದೇಶದ ಅತಿಥಿಗೆ ಒದಗಿದ ಈ ಅವಮಾನವು ಬದಲಿಯವನೊಬ್ಬನದೇ ಅಪಕೀರ್ತಿಯಾಗಿ ಉಳಿಯುವಂತಿರಲಿಲ್ಲ, ಸಿಂಹಾಸನಕ್ಕೇ ತಟ್ಟುವಂತಿದ್ದಿತು. ದಂಡನಾಯಕನು ಮರಳಿ ಬಂದೊಡನೆ ನಡೆದುದನ್ನು ಕೇಳಿ, ಆ ಅಧಿಕಾರಿಯನ್ನು ಆಕ್ಷೇಪಿಸಿದನು. ಅಷ್ಟಕ್ಕೇ ನಿಲ್ಲದೆ, ಅಂದೇ ಏಳು ಸಾವಿರ ವರಹಗಳನ್ನು ರಾಯಭಾರಿಗೆ ಸಲ್ಲಿಸುವಂತೆ ಟಂಕಸಾಲೆಗೆ ಆಜ್ಞೆಯಿತ್ತನು. ತಾನಿಲ್ಲದಾಗ ನಡೆದ ತಪ್ಪಿಗೆ ತಾನು ಹೊಣೆಯಲ್ಲವೆಂದು ಜಾರಿಕೊಳ್ಳಲಿಲ್ಲ. ತನ್ನ ಪೀಠದಿಂದ ಆದ ಅನ್ಯಾಯವು ಆ ಪೀಠದಿಂದಲೇ ತೊಳೆಯಲ್ಪಡಬೇಕು. ಇದು ಎರಡನೆಯ ಧರ್ಮ.

ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡದ್ದು ದಾಸೋಹಭಾವದಿಂದ. ಧನವು ತನ್ನದಲ್ಲ, ಕಾಯವೂ ತನ್ನದಲ್ಲ ಎಂದು ತಿಳಿದ ಭಕ್ತನಿಗೆ ಪದವಿಯು ತನ್ನದೆಂಬ ಭ್ರಾಂತಿ ಎಲ್ಲಿಯದು? ಮಠದ ಪಾರುಪತ್ಯವಾಗಲಿ, ಊರ ಪಂಚಾಯತಿಯಾಗಲಿ, ಹಿರಿಯರಿಲ್ಲದ ಮನೆಯ ಯಜಮಾನಿಕೆಯಾಗಲಿ, ಪರರ ಪರವಾಗಿ ಪಡೆದ ಅಧಿಕಾರವೆಲ್ಲವೂ ಜಂಗಮಕ್ಕೆ ಮೀಸಲಾದ ಪದಾರ್ಥದಂತೆ. ಅದನ್ನು ಕಾಯುವವನು ಶರಣ. ತನ್ನದೆಂದು ಉಣ್ಣುವವನು ಭವಿ.