ಅಂಗಡಿಯ ಸಾಲ

ಅಮೆರಿಕದ ಅಧ್ಯಕ್ಷನಾಗಿ ಗುಲಾಮರ ಬಿಡುಗಡೆಗೆ ಕಾರಣನಾದ ಅಬ್ರಹಾಂ ಲಿಂಕನ್ನನ ಹೆಸರನ್ನು ಕೇಳದವರು ವಿರಳ. ಆದರೆ ಅವನು ಒಮ್ಮೆ ಹಳ್ಳಿಯ ಅಂಗಡಿಕಾರನಾಗಿದ್ದನೆಂಬುದನ್ನೂ ಆ ವ್ಯಾಪಾರದಲ್ಲಿ ಪೂರ್ಣವಾಗಿ ಸೋತನೆಂಬುದನ್ನೂ ಬಲ್ಲವರು ಕಡಿಮೆ.

ಲಿಂಕನ್ನನು 1809ರಲ್ಲಿ ಕೆಂಟಕಿ ರಾಜ್ಯದ ರೈತನೊಬ್ಬನ ಮನೆಯಲ್ಲಿ ಜನಿಸಿದನು. ಅವನ ಶಾಲೆಯ ಓದು ಒಟ್ಟಾರೆ ಒಂದು ವರ್ಷವನ್ನೂ ಮೀರಲಿಲ್ಲ. 1831ರಲ್ಲಿ ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಸಣ್ಣ ಊರಿಗೆ ಬಂದು ಅಂಗಡಿಯೊಂದರಲ್ಲಿ ಗುಮಾಸ್ತನಾದನು. ಮರುವರ್ಷ ರಾಜ್ಯದ ವಿಧಾನಸಭೆಗೆ ಸ್ಪರ್ಧಿಸಿ ಸೋತನು. ಆದರೂ ಅವನನ್ನು ಹತ್ತಿರದಿಂದ ಬಲ್ಲ ನ್ಯೂ ಸೇಲಂನಲ್ಲಿ 300 ಮತಗಳ ಪೈಕಿ 277 ಅವನಿಗೇ ಬಿದ್ದಿದ್ದವು.

ಬಳಿಕ ವಿಲಿಯಂ ಬೆರಿ ಎಂಬ ಗೆಳೆಯನೊಡನೆ ಪಾಲುಗಾರಿಕೆಯಲ್ಲಿ ತಾನೇ ಅಂಗಡಿ ಹಿಡಿದನು. ಕೈಯಲ್ಲಿ ಹಣವಿರಲಿಲ್ಲ, ಸಾಲಪತ್ರ ಬರೆದುಕೊಟ್ಟು ಸರಕನ್ನು ಕೊಂಡದ್ದಾಯಿತು. ಊರು ಬೆಳೆಯಲಿಲ್ಲ, ಗಿರಾಕಿಗಳು ಹೆಚ್ಚಲಿಲ್ಲ. ಬೆರಿಗೆ ಕುಡಿತದ ಚಟ. ಲಿಂಕನ್ನನಿಗೋ ಪುಸ್ತಕದ ಹುಚ್ಚು. ಇಂತಹ ಅಂಗಡಿ ಎಷ್ಟು ದಿನ ನಡೆದೀತು?

ಅಂಗಡಿ ಮುಳುಗಿದಾಗ ಹೊಟ್ಟೆಪಾಡಿಗಾಗಿ ಲಿಂಕನ್ನನು ಊರಿನ ಪೋಸ್ಟ್‌ಮಾಸ್ಟರನಾದನು. ಭೂಮಾಪನವನ್ನು ಕಲಿತು ಮೋಜಣಿದಾರನಾದನು. ಜನರ ಕಾಗದಗಳನ್ನು ಟೋಪಿಯೊಳಗಿಟ್ಟುಕೊಂಡು ಮನೆಮನೆಗೆ ಒಯ್ದುಕೊಡುತ್ತಿದ್ದನು. 1834ರಲ್ಲಿ ಮತ್ತೆ ಸ್ಪರ್ಧಿಸಿ ವಿಧಾನಸಭೆಗೆ ಆರಿಸಿ ಬಂದನು. ಆದರೆ ರಾಜಧಾನಿಯಾದ ವಾಂಡೇಲಿಯಾಕ್ಕೆ ಹೋಗಲು ತಕ್ಕ ಉಡುಪೇ ಇರಲಿಲ್ಲ. ಪರಿಚಿತ ಸ್ಥಿತಿವಂತನೊಬ್ಬನಲ್ಲಿ 200 ಡಾಲರ್ ಕಡ ತಂದು ಹೊಸ ಬಟ್ಟೆ ಹೊಲಿಸಿಕೊಂಡನು. ಹಳೆಯ ಸಾಲ ತೀರುವ ಮೊದಲೇ ಹೊಸ ಸಾಲ ಮಾಡಿ ಶಾಸಕನು ಪ್ರಯಾಣ ಹೊರಟನು.

1835ರ ಜನವರಿಯಲ್ಲಿ ಬೆರಿ ತೀರಿಕೊಂಡನು. ಇಬ್ಬರ ಸಾಲವೂ ಸೇರಿ ಸುಮಾರು 1100 ಡಾಲರುಗಳ ಹೊರೆ ಲಿಂಕನ್ನನೊಬ್ಬನ ತಲೆಯ ಮೇಲೆ ಬಿದ್ದಿತು. ಆ ಸೀಮೆಯಲ್ಲಿ ಸಾಲಗಾರರು ರಾತ್ರೋರಾತ್ರಿ ಊರು ಬಿಡುವುದು ಹೊಸತೇನಲ್ಲ. ಲಿಂಕನ್ನನು ಓಡಿಹೋಗಲಿಲ್ಲ. ಅವನ ಕುದುರೆಯನ್ನೂ ಮೋಜಣಿಯ ಉಪಕರಣಗಳನ್ನೂ ಜಪ್ತಿಮಾಡಿ ಹರಾಜಿಗಿಟ್ಟರು. ಜೇಮ್ಸ್ ಷಾರ್ಟ್ ಎಂಬ ರೈತನು ಉಪಕರಣಗಳನ್ನು ಹರಾಜಿನಲ್ಲಿ ಕೊಂಡು, ಅವನಿಗೇ ಹಿಂದಿರುಗಿಸಿದನು.

ಶಾಸಕನಾಗಿ ಅವನು ನಾಲ್ಕು ಸಲ ಆರಿಸಿ ಬಂದನು. 1837ರಲ್ಲಿ ಗುಲಾಮಗಿರಿಯ ವಿರೋಧಿಗಳನ್ನು ಖಂಡಿಸುವ ನಿರ್ಣಯವು ಸಭೆಯ ಮುಂದೆ ಬಂದಾಗ ಪರವಾಗಿ 77 ಮತಗಳೂ ವಿರುದ್ಧವಾಗಿ 6 ಮತಗಳೂ ಬಿದ್ದವು. ಆ ಆರು ಮಂದಿಯಲ್ಲಿ ಲಿಂಕನ್ನನೂ ಒಬ್ಬ. ಜನಾಭಿಪ್ರಾಯ ಯಾವ ಕಡೆಗಿದೆಯೆಂದು ತಿಳಿಯದವನೇನೂ ಅಲ್ಲ. ಆದರೂ ಗುಲಾಮಗಿರಿಯು ಅನ್ಯಾಯವೆಂದು ಇನ್ನೊಬ್ಬ ಸದಸ್ಯನೊಡನೆ ಬರೆದು ಸಭೆಯ ದಾಖಲೆಗೆ ಸೇರಿಸಿದನು.

ಅದೇ ವರ್ಷ ಅವನು ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ವಕೀಲನಾಗಿ ನೆಲೆಸಿದನು. 1840ರ ಹೊತ್ತಿಗೆ ನ್ಯೂ ಸೇಲಂ ಜನರಿಲ್ಲದೆ ಬರಿದಾಯಿತು. ಅಂಗಡಿಯಿದ್ದ ಊರೇ ಹೋಯಿತು. ಸಾಲ ಮಾತ್ರ ಉಳಿದಿತ್ತು. ಅದನ್ನು ಅವನು ವಕೀಲಿಯ ಸಂಪಾದನೆಯಿಂದ ಕಂತುಕಂತಾಗಿ ಕೊಡುತ್ತ ಹೋಗಿ ಪೂರ್ತಿ ತೀರಿಸಿದನು.