ಕಾಣದ ಗಾಯಗಳ ವೈದ್ಯ ಡಾ. ರಿವರ್ಸ್

ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಊಟಿಗೆ ಹೋದವರಲ್ಲಿ ಹಲವರು ತೋಡರ ಕಮಾನಿನಾಕಾರದ ಗುಡಿಸಲುಗಳನ್ನು ನೋಡಿರಬಹುದು. 1901-02ರಲ್ಲಿ ಆ ತೋಡರ ನಡುವೆ ಇದ್ದು, ಅವರ ವಂಶಾವಳಿಗಳನ್ನೂ ಎಮ್ಮೆಯ ಹೈನಿಗೆ ಸಂಬಂಧಿಸಿದ ಆಚಾರಗಳನ್ನೂ ಬರೆದುಕೊಂಡ ಇಂಗ್ಲಿಷ್ ವೈದ್ಯರೊಬ್ಬರಿದ್ದರು. ಅವರೇ ಡಾ. ವಿಲಿಯಂ ರಿವರ್ಸ್. 1906ರಲ್ಲಿ ಪ್ರಕಟವಾದ ಅವರ 'ದಿ ತೋಡಾಸ್' 700 ಪುಟಗಳನ್ನೂ ಮೀರಿದ ಗ್ರಂಥ. ಆದರೆ ಅವರಿಗೆ ಹೆಚ್ಚಿನ ಹೆಸರು ಬಂದದ್ದು ಮೊದಲ ಮಹಾಯುದ್ಧದಲ್ಲಿ ಮನಸ್ಸು ನೊಂದು ಬಂದ ಸೈನಿಕರಿಗೆ ಕೊಟ್ಟ ಚಿಕಿತ್ಸೆಯಿಂದ.

ರಿವರ್ಸ್ ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ಪಾದ್ರಿಯಾಗಿದ್ದ ತಂದೆ ಉಗ್ಗು ಮಾತಿಗೆ ಚಿಕಿತ್ಸೆ ಮಾಡುತ್ತಿದ್ದರು. ವಿಚಿತ್ರವೆಂದರೆ ಮಗನ ಉಗ್ಗು ಮಾತ್ರ ಕೊನೆಯವರೆಗೂ ಹೋಗಲಿಲ್ಲ. 22ನೇ ವಯಸ್ಸಿಗೇ ವೈದ್ಯ ಪದವಿ ಪಡೆದ ಅವರು ಮುಂದೆ ಕೇಂಬ್ರಿಡ್ಜ್‌ನಲ್ಲಿ ಮನಃಶಾಸ್ತ್ರ ಕಲಿಸಿದರು.

1914ರಲ್ಲಿ ಯುದ್ಧ ಶುರುವಾಯಿತು. ಮೈಮೇಲೆ ಒಂದು ಗಾಯವೂ ಇಲ್ಲದ ಸೈನಿಕರು ಮಾತು ಕಳೆದುಕೊಂಡು, ನಡುಗುತ್ತಾ, ನಿದ್ದೆಯಲ್ಲಿ ಚೀರುತ್ತಾ ಆಸ್ಪತ್ರೆ ಸೇರತೊಡಗಿದರು. ಇದಕ್ಕೆ 'ಶೆಲ್ ಶಾಕ್' ಎಂಬ ಹೆಸರು ಬಂತು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೇನೆಯಲ್ಲೇ ಇಂಥವರು ಸುಮಾರು 80,000. ಇದು ಬರೀ ಹೇಡಿತನ ಎಂದವರೇ ಬಹಳ. ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಗುಂಡಿಗೆ ಬಲಿಯಾದ 306 ಮಂದಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ! ಕೆಲವು ವೈದ್ಯರು ವಿದ್ಯುತ್ ಹಾಯಿಸಿ ಮಾತು ಬರಿಸಲು ನೋಡಿದರೆ, ಉಳಿದವರು ಎಲ್ಲವನ್ನೂ ಮರೆತುಬಿಡಿ ಎಂದು ಬುದ್ಧಿ ಹೇಳುತ್ತಿದ್ದರು.

1916ರಲ್ಲಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದ ರಿವರ್ಸ್ ಹಿಡಿದದ್ದು ಬೇರೆ ದಾರಿ. ಹಗಲೆಲ್ಲ ಬಲವಂತವಾಗಿ ಅದುಮಿಟ್ಟ ನೆನಪು ರಾತ್ರಿ ದುಃಸ್ವಪ್ನವಾಗಿ ಬರುತ್ತದೆ ಎಂಬುದು ಅವರ ಅನುಭವ. ಹಾಗೆಂದು ದಿನವಿಡೀ ಅದನ್ನೇ ಕೊರಗುತ್ತಾ ಕೂರಬೇಕೆಂದೂ ಅವರು ಹೇಳಲಿಲ್ಲ. ಎದುರು ಕೂರಿಸಿಕೊಂಡು ಮಾತಾಡಿಸುತ್ತಿದ್ದರು, ತಾಳ್ಮೆಯಿಂದ ಕೇಳುತ್ತಿದ್ದರು.

ಒಬ್ಬ ಅಧಿಕಾರಿಗೆ ಛಿದ್ರವಾಗಿ ಬಿದ್ದಿದ್ದ ಗೆಳೆಯನ ದೇಹ ದಿನವೂ ಕನಸಿನಲ್ಲಿ ಕಾಣುತ್ತಿತ್ತು. ದೇಹ ಆ ಸ್ಥಿತಿಯಲ್ಲಿತ್ತೆಂದರೆ ಗೆಳೆಯ ಆ ಕ್ಷಣವೇ ಸತ್ತಿರಬೇಕು, ನರಳಿರಲಾರ ಎಂದು ರಿವರ್ಸ್ ತೋರಿಸಿಕೊಟ್ಟರು. ಕೆಲವು ರಾತ್ರಿಗಳ ನಂತರ ಕನಸೇ ಬದಲಾಯಿತು. ಗೆಳೆಯನ ಪಕ್ಕ ಮಂಡಿಯೂರಿ, ಅವನ ಮನೆಯವರಿಗೆ ಕಳಿಸಲು ವಸ್ತುಗಳನ್ನು ಎತ್ತಿಕೊಳ್ಳುವ ಕನಸು ಬಿತ್ತು. ಈ ಬಾರಿ ಎಚ್ಚರವಾದಾಗ ಭಯವಿರಲಿಲ್ಲ. ಎಲ್ಲರೂ ಹೀಗೆ ಗುಣವಾಗಲಿಲ್ಲ. ನೆನಪಿನಲ್ಲಿ ಸಮಾಧಾನದ ಒಂದು ಎಳೆಯೂ ಸಿಗದ ರೋಗಿಯ ಕಥೆಯನ್ನೂ ಅವರು ಮುಚ್ಚಿಡದೆ ಬರೆದರು.

ಅವರ ನಿಜವಾದ ಪರೀಕ್ಷೆ 1917ರ ಜುಲೈನಲ್ಲಿ ಬಂತು. ಶೌರ್ಯಪದಕ ಪಡೆದ ಕವಿ ಸೀಗ್‌ಫ್ರೀಡ್ ಸಸೂನ್ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದಾಗ, ವಿಚಾರಣೆಯ ಬದಲು ಅವರನ್ನು ಈ ಆಸ್ಪತ್ರೆಗೆ ಕಳಿಸಲಾಯಿತು. ರೋಗವೇ ಇಲ್ಲದ ವ್ಯಕ್ತಿಯನ್ನು ಮತ್ತೆ ರಣರಂಗಕ್ಕೆ ಸಿದ್ಧಗೊಳಿಸುವುದು ವೈದ್ಯರ ಕರ್ತವ್ಯವಾಯಿತು. ಇಬ್ಬರೂ ಆಪ್ತ ಸ್ನೇಹಿತರಾದರು. ಸಸೂನ್ ಯುದ್ಧಕ್ಕೆ ಮರಳಿದರು, 1918ರಲ್ಲಿ ತಲೆಗೆ ಗುಂಡೇಟು ತಿಂದೂ ಬದುಕಿದರು. ಸಾವಿನ ಬಾಯಿಗೆ ಮರಳಿ ಕಳಿಸಲೆಂದೇ ಗುಣಪಡಿಸುವುದು ಸರಿಯೇ? ಯುದ್ಧದ ಬಗ್ಗೆ ತಮ್ಮೊಳಗೇ ಎದ್ದ ಈ ತೊಳಲಾಟ ಕನಸಿನಲ್ಲೂ ಕಾಡಿದ್ದನ್ನು ರಿವರ್ಸ್ ದಾಖಲಿಸಿದ್ದಾರೆ.

1922ರಲ್ಲಿ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಚುನಾವಣೆಗೆ ನಿಲ್ಲಲು ಒಪ್ಪಿದ್ದ ಅವರು, ಅದೇ ಜೂನ್ 4ರಂದು ಕೇಂಬ್ರಿಡ್ಜ್‌ನಲ್ಲಿ ಹರ್ನಿಯಾ ಉಲ್ಬಣಿಸಿ ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಈ ನೋವಿಗೆ ಪಿ.ಟಿ.ಎಸ್.ಡಿ. ಎಂಬ ಅಧಿಕೃತ ಹೆಸರು ಸಿಕ್ಕಿದ್ದು 1980ರಲ್ಲಿ. ಅದು ಸೈನಿಕರಿಗಷ್ಟೇ ಬರುವುದಲ್ಲ. ಅಗ್ನಿಶಾಮಕ ದಳದವರು, ಆಂಬುಲೆನ್ಸ್ ಸಿಬ್ಬಂದಿ, ಕೋವಿಡ್ ವಾರ್ಡುಗಳಲ್ಲಿ ದುಡಿದ ವೈದ್ಯರು, ದಾದಿಯರು ಕೂಡ ಇದನ್ನು ಅನುಭವಿಸಿದ್ದಾರೆ. ನಮ್ಮ ಸಮಾಜದಲ್ಲೂ ಆಸ್ಪತ್ರೆಗಳಲ್ಲಿ ದುಡಿಯುವವರು ಎಷ್ಟೋ ಮಂದಿ ಇದ್ದಾರೆ. ಅಂಥವರು ಮಾತಿಗೆ ಕುಳಿತಾಗ, ಅದನ್ನೆಲ್ಲ ಮರೆತುಬಿಡಿ ಎನ್ನುವ ಬದಲು ಸ್ವಲ್ಪ ಹೊತ್ತು ಸುಮ್ಮನೆ ಕೇಳೋಣ. ನೋವು ಹೆಚ್ಚಿದ್ದರೆ ತಜ್ಞರ ಬಳಿಗೆ ಜೊತೆಯಲ್ಲಿ ಹೋಗೋಣ.